ಕಯಾಕ್‌ನಿಂದ ದೊಡ್ಡ ಮೀನು: ಹಿಡಿಯುವುದು ಹೇಗೆ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ದಡದಲ್ಲಿ ನಿಂತು ಹತ್ತು ಕಿಲೋ ಮೀನು ಹಿಡಿಯುವುದೇ ಬೇರೆ, ಹುಟ್ಟು ಹಾಕುವ ಕಿರುದೋಣಿಯಾದ ಕಯಾಕ್‌ನಲ್ಲಿ ಕೂತು ಹಿಡಿಯುವುದೇ ಬೇರೆ. ಇಲ್ಲಿ ಕಾಲ ಕೆಳಗೆ ನೆಲವಿಲ್ಲ. ಮೀನು ಮುಂದಕ್ಕೆ ಎಳೆದರೆ ದೋಣಿ ಅದರ ಹಿಂದೆ ಹೊರಡುತ್ತದೆ, ಪಕ್ಕಕ್ಕೆ ಎಳೆದರೆ ಮಗುಚುತ್ತದೆ. ಮೀನು ಮೇಲೆ ಬಂದ ಮೇಲೆ ಅದನ್ನು ಮಲಗಿಸಲು ಇರುವ ಜಾಗ ನಿಮ್ಮ ಎರಡು ಮೊಣಕಾಲುಗಳ ನಡುವಿನದು ಮಾತ್ರ, ಅಲ್ಲೇ ಗಾಳಗಳೂ ಇರುತ್ತವೆ, ಚಾಕೂ ಇರುತ್ತದೆ. ಹಾಗಾಗಿ "ಸಿಕ್ಕಾಗ ನೋಡೋಣ" ಎಂಬ ಧೋರಣೆ ನಡೆಯುವುದಿಲ್ಲ. ಇವತ್ತು ಮೀನು ತರುವುದೋ ಬಿಡುವುದೋ, ತರುವುದಾದರೆ ಯಾವ ಅಳತೆಯದು, ಎಷ್ಟು ಎಂಬ ತೀರ್ಮಾನ ನೀರಿಗಿಳಿಯುವ ಮುಂಚೆಯೇ ಆಗಿರಬೇಕು. ಯಾವ ಗಾಳ ಕಟ್ಟಬೇಕು, ಬಲೆ ಒಯ್ಯಬೇಕೋ ಗ್ಯಾಫ್ (ಮೀನಿಗೆ ಚುಚ್ಚಿ ಎತ್ತುವ ಕೊಕ್ಕೆಯ ಕೋಲು) ಒಯ್ಯಬೇಕೋ, ಐಸ್ ಬೇಕೋ ಬೇಡವೋ, ಇವೆಲ್ಲ ಆ ತೀರ್ಮಾನದ ಮೇಲೆ ನಿಂತಿವೆ. ಅದಕ್ಕೇ ಈ ಬರಹ ಸಲಕರಣೆಯಿಂದಲ್ಲ, ಮೀನಿನಿಂದ ಶುರುವಾಗುತ್ತದೆ.

ದೊಡ್ಡದನ್ನು ಯಾಕೆ ಬಿಡಬೇಕು

"ದೊಡ್ಡ ಮೀನಿಗೆ ವಯಸ್ಸಾಗಿದೆ, ಮರಿ ಹಾಕುವಷ್ಟು ಹಾಕಿಯಾಗಿದೆ, ಅದನ್ನೇ ಹಿಡಿದರೆ ಸಣ್ಣವು ಉಳಿಯುತ್ತವೆ" ಎನ್ನುವವರು ಬಹಳ. ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಸಮುದ್ರದ 342 ಜಾತಿಯ ಮೀನುಗಳ ಮೊಟ್ಟೆಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 30 ಕಿಲೋ ತೂಗುವ ಒಂದೇ ಒಂದು ಅಟ್ಲಾಂಟಿಕ್ ಕಾಡ್ ಹೆಣ್ಣು ಇಡುವ ಮೊಟ್ಟೆಗಳು, ತಲಾ 2 ಕಿಲೋದ 28 ಹೆಣ್ಣುಗಳು ಒಟ್ಟು ಸೇರಿ ಇಡುವುದಕ್ಕಿಂತ ಹೆಚ್ಚು. ಆ 28ರ ಒಟ್ಟು ತೂಕ 56 ಕಿಲೋ ಆಗುತ್ತದೆ ಎಂಬುದನ್ನು ಗಮನಿಸಿ. ಅಷ್ಟೇ ಅಲ್ಲ, ದೊಡ್ಡ ತಾಯಿಯ ಮೊಟ್ಟೆಗಳೂ ಗಟ್ಟಿ. ಬ್ಲ್ಯಾಕ್ ರಾಕ್‌ಫಿಶ್ ಎಂಬ ಜಾತಿಯಲ್ಲಿ ವಯಸ್ಸಾದ ತಾಯಿಯ ಮರಿಗಳು ಹೆಚ್ಚು ಬೇಗ ಬೆಳೆದವು, ಆಹಾರವಿಲ್ಲದೆ ಹೆಚ್ಚು ದಿನ ಬದುಕಿದವು.

ಲಿಂಗ ಬದಲಿಸುವ ಮೀನುಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಬಾರಮುಂಡಿ ಮೊದಲು ಗಂಡಾಗಿ ಬಲಿತು, ಹೆಚ್ಚುಕಮ್ಮಿ 80ರಿಂದ 100 ಸೆಂ.ಮೀ. ಉದ್ದಕ್ಕೆ ಬಂದಾಗ ಹೆಣ್ಣಾಗುತ್ತದೆ. ಅಂದರೆ ಮೀಟರ್ ಉದ್ದದ ಬಾರಮುಂಡಿ ಹೆಚ್ಚುಕಮ್ಮಿ ಹೆಣ್ಣೇ. ಗ್ರೂಪರ್ ಬಳಗದ ಬಹುಪಾಲು ಜಾತಿಗಳಲ್ಲಿ ಇದು ತಿರುಗುಮುರುಗು: ಮೊದಲು ಹೆಣ್ಣು, ಆಮೇಲೆ ಗಂಡು. ಒಂದು ಬಂಡೆಯ ಸುತ್ತ ಇರುವ ಒಂದೆರಡು ದೊಡ್ಡ ಗ್ರೂಪರ್‌ಗಳನ್ನು ಎತ್ತಿದರೆ ಆ ಬಂಡೆಯ ಗಂಡುಗಳೇ ಖಾಲಿಯಾಗಬಹುದು.

ಬಾಯಿರುಚಿಯ ಕಡೆಯಿಂದ ನೋಡಿದರೂ ದೊಡ್ಡದರಲ್ಲಿ ಲಾಭವಿಲ್ಲ. ಬೇಟೆಗಾರ ಮೀನು ಬೆಳೆದಷ್ಟೂ ಮಾಂಸದಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಬಿಸಿ ಸಮುದ್ರಗಳ ಹವಳದ ದಂಡೆಗಳಲ್ಲಿ ಬೆಳೆದ ದೊಡ್ಡ ಬರಾಕುಡಾ, ಗ್ರೂಪರ್, ಸ್ನ್ಯಾಪರ್, ಆಂಬರ್‌ಜ್ಯಾಕ್‌ಗಳಲ್ಲಿ ಸಿಗ್ವಟೆರಾ ಎಂಬ ವಿಷ ಇರಬಹುದು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಬೇಯಿಸಿದರೂ ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಸಣ್ಣ ಮೀನಿನಿಂದ ದೊಡ್ಡದಕ್ಕೆ, ದೊಡ್ಡದರಿಂದ ಇನ್ನೂ ದೊಡ್ಡದಕ್ಕೆ ಏರುತ್ತಾ ಬಂದ ವಿಷ ಅದು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಒಂದೆರಡು ಸಲವಾದರೂ ಮೊಟ್ಟೆಯಿಟ್ಟಿರುವ, ಆದರೆ ಇನ್ನೂ ದೈತ್ಯನಾಗದ ನಡುವಿನ ಅಳತೆಯದ್ದನ್ನು. ಎಷ್ಟೋ ಕಡೆ ಕಾಯ್ದೆಯೇ ಹೀಗಿರುತ್ತದೆ: ಇಷ್ಟಕ್ಕಿಂತ ಚಿಕ್ಕದೂ ಬೇಡ, ಇಷ್ಟಕ್ಕಿಂತ ದೊಡ್ಡದೂ ಬೇಡ. ಆ ನೀರಿನ ಅಳತೆ ಮಿತಿ, ಸಂಖ್ಯೆಯ ಮಿತಿ, ನಿಷೇಧದ ತಿಂಗಳು ಇವನ್ನು ಹೋಗುವ ಮುಂಚೆ ಓದಿ, ಮಿತಿಯ ಸಂಖ್ಯೆಗಳನ್ನು ಅಳತೆ ಹಲಗೆಯ ಮೇಲೆಯೇ ಅಳಿಸದ ಮಸಿಯಲ್ಲಿ ಗೆರೆ ಎಳೆದು ಗುರುತು ಹಾಕಿಡಿ. ಮೀನು ಕೈಯಲ್ಲಿ ಒದ್ದಾಡುತ್ತಿರುವಾಗ ಯಾರಿಗೂ ಸಂಖ್ಯೆ ನೆನಪಿಗೆ ಬರುವುದಿಲ್ಲ. ಕಾಯ್ದೆಯಲ್ಲಿ ಮೇಲಿನ ಮಿತಿ ಇಲ್ಲದಿದ್ದರೆ ನೀವೇ ಒಂದನ್ನು ಹಾಕಿಕೊಳ್ಳಿ.

ದೋಣಿ ಮತ್ತು ಮೈಮೇಲಿನದು

ದೊಡ್ಡ ಮೀನಿಗೆ ಮೇಲೆ ಕೂರುವ ಬಗೆಯ ಕಯಾಕೇ ಸರಿ. ಒಳಗೆ ಕೂರುವ ಬಗೆಯದು ಮಗುಚಿದರೆ ನೀರು ತುಂಬಿಕೊಂಡು ಕೂರುತ್ತದೆ, ಮೇಲೆ ಕೂರುವುದರಲ್ಲಿ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಸಮುದ್ರಕ್ಕೆ 3.6ರಿಂದ 4.3 ಮೀಟರ್ ಉದ್ದ, 75ರಿಂದ 90 ಸೆಂ.ಮೀ. ಅಗಲ ಇದ್ದರೆ ಸಾಕು. ತಯಾರಕರು ಬರೆದಿರುವ ಭಾರ ಮಿತಿಯನ್ನು ಪೂರ್ತಿ ನಂಬಬೇಡಿ. ನೀವು, ಸಾಮಾನು, ಐಸ್, ಬರಬಹುದಾದ ಮೀನು ಎಲ್ಲ ಸೇರಿ ಅದರ 70 ಶೇಕಡಾದೊಳಗೆ ಇರಲಿ.

ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಹಿಂದೆ ಅಲ್ಲ. ಅದರ ಎದೆಯ ಮೇಲೆ ಎರಡೂ ಕೈಗೆ ಎಟಕುವಂತೆ ಒಂದು ಚಾಕು, ಒಂದು ಸೀಟಿ. ಸಮುದ್ರವಾದರೆ ನೀರು ಹೊಗದ ವಿಎಚ್‌ಎಫ್ ರೇಡಿಯೋ (ತುರ್ತು ಕರೆಗೆ 16ನೇ ಚಾನೆಲ್) ಜಾಕೆಟ್ಟಿಗೇ ಕಟ್ಟಿರಲಿ. ದೋಣಿಯ ಪೆಟ್ಟಿಗೆಯಲ್ಲಿಟ್ಟ ರೇಡಿಯೋ ದೋಣಿ ಕೈತಪ್ಪಿ ಹೋದಾಗ ಅದರ ಜೊತೆಗೇ ಹೋಗುತ್ತದೆ. ಬಟ್ಟೆ ಹಾಕುವುದು ಗಾಳಿಯ ಚಳಿಗಲ್ಲ, ನೀರಿನ ಚಳಿಗೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಿ.

ಗಾಳಿಯ ವೇಗಕ್ಕಿಂತ ದಿಕ್ಕನ್ನು ಮೊದಲು ನೋಡಿ. ದಡದಿಂದ ಸಮುದ್ರದ ಕಡೆ ಬೀಸುವ ಗಾಳಿಯಲ್ಲಿ ದಡದ ಹತ್ತಿರ ನೀರು ಕನ್ನಡಿಯಂತೆ ಇರುತ್ತದೆ, ಅರ್ಧ ಕಿಲೋಮೀಟರ್ ಹೋದ ಮೇಲೆ ಅದರ ನಿಜರೂಪ ಗೊತ್ತಾಗುವುದು. ಹೊಸಬರಿಗೆ ಗಂಟೆಗೆ 18 ಕಿ.ಮೀ. ಗಾಳಿಯೇ ಹೆಚ್ಚು. ಹುಟ್ಟು ಹಾಕಿ ನೀವು ಸಾಗುವ ವೇಗ ಗಂಟೆಗೆ 5ರಿಂದ 6 ಕಿ.ಮೀ., ಎದುರು ಗಾಳಿಯಲ್ಲಿ ಅದು ಅರ್ಧಕ್ಕಿಳಿಯುತ್ತದೆ.

ಮಗುಚಿದ ಮೇಲೆ ಹತ್ತುವುದನ್ನು ಆಳವಿಲ್ಲದ ನೀರಿನಲ್ಲಿ ಕಲಿಯದೆ ದೊಡ್ಡ ಮೀನಿಗೆ ಹೋಗಲೇಬೇಡಿ. ತಳದ ಮೇಲೆ ಕೈಚಾಚಿ ಆಚೆ ಅಂಚು ಹಿಡಿದು ದೋಣಿ ತಿರುಗಿಸಿ, ನಡುಭಾಗಕ್ಕೆ ಬಂದು, ಕಾಲು ಬಡಿದು ದೇಹವನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆ ಅಡ್ಡ ಬೀಳುವಂತೆ ಮೇಲೆ ಎಳೆದುಕೊಳ್ಳಿ. ಆಮೇಲೆ ಹೊರಳಿ ಕೂತು, ಕೊನೆಗೆ ಕಾಲು ಒಳಗೆ. ಕಾಲನ್ನು ಮೊದಲು ಹಾಕಲು ಹೋದವರು ದೋಣಿಯನ್ನು ಮತ್ತೆ ತಮ್ಮ ಮೇಲೆ ಮಗುಚಿಕೊಳ್ಳುತ್ತಾರೆ.

ಸಲಕರಣೆ: ಸಣ್ಣದಾದಷ್ಟೂ ಮೀನಿಗೆ ಕೇಡು

ತೆಳು ಲೈನಿನಲ್ಲಿ ದೊಡ್ಡ ಮೀನು ಹಿಡಿಯುವುದು ಜಾಣತನ ಎಂಬ ಹೆಮ್ಮೆ ಹಲವರಿಗಿದೆ. ಬಿಡುವ ಉದ್ದೇಶವಿದ್ದರೆ ಅದು ಬರೀ ಹಿಂಸೆ. ಮುಕ್ಕಾಲು ಗಂಟೆ ಎಳೆದಾಡಿಸಿಕೊಂಡ ಮೀನು ಬಿಟ್ಟ ಮೇಲೆ ಈಜಿಕೊಂಡು ಹೋದಂತೆ ಕಂಡರೂ ಬದುಕುವ ಖಾತ್ರಿಯಿಲ್ಲ. ಹತ್ತು ಹದಿನೈದು ಕಿಲೋ ಮೀನಿಗೆ ಕಾಲು ಗಂಟೆ ದಾಟುತ್ತಿದ್ದರೆ ನಿಮ್ಮ ಸಲಕರಣೆ ಸಣ್ಣದು ಎಂದೇ ಅರ್ಥ.

ಈ ಅಳತೆಯ ಮೀನಿಗೆ 2ರಿಂದ 2.1 ಮೀಟರ್ ಉದ್ದದ, ಗಟ್ಟಿ ಬೆನ್ನಿನ, ಹಿಡಿ ಗಿಡ್ಡಗಿರುವ ರಾಡ್. ಮೀನು ಎದುರಿನಿಂದ ಸುತ್ತಿಕೊಂಡು ಆಚೆ ಬದಿಗೆ ಹೋದಾಗ ರಾಡಿನ ತುದಿ ದೋಣಿಯ ಮೂತಿಯನ್ನು ದಾಟಿಸಬೇಕಲ್ಲ, ಅದಕ್ಕೆ ಇಷ್ಟು ಉದ್ದ ಬೇಕು. ಇದಕ್ಕಿಂತ ಉದ್ದವಾದರೆ ಕೂತಲ್ಲಿಂದ ಮೀನನ್ನು ಹತ್ತಿರ ತರುವುದೇ ಕಷ್ಟ. ಹಿಡಿ ಉದ್ದವಿದ್ದರೆ ಅದು ಲೈಫ್ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ರೀಲ್ 5000 ಅಥವಾ 6000 ಗಾತ್ರದ್ದು, ಅದಕ್ಕೆ 40 ಪೌಂಡ್ ಅಂದರೆ ಸುಮಾರು 18 ಕಿಲೋ ತಾಳುವ ಬ್ರೇಡ್ (ಹೆಣೆದ ಎಳೆಗಳ ಲೈನ್) 250ರಿಂದ 300 ಮೀಟರ್, ಮುಂದೆ 50-60 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಗಾಳದ ಕಡೆಯ ಗಟ್ಟಿ ಲೈನ್ ತುಂಡು) ಎರಡು ಮೀಟರ್. ಬ್ರೇಡ್ ಮತ್ತು ಲೀಡರ್ ಸೇರಿಸಲು ಎಫ್‌ಜಿ ಗಂಟು: ಬ್ರೇಡನ್ನು ಬಿಗಿಯಾಗಿ ಹಿಡಿದು ಲೀಡರಿನ ಮೇಲೆ ಆಚೆಗೊಂದು ಈಚೆಗೊಂದರಂತೆ 20 ಸುತ್ತು, ಉಗುಳಿನಿಂದ ಒದ್ದೆ ಮಾಡಿ ಬಿಗಿದು, ಮೇಲೆ ಅರೆಗಂಟುಗಳು. ಬಿಗಿದಾಗ ಬ್ರೇಡಿನ ಬಣ್ಣ ಕಡುವಾಗಿ ಲೀಡರನ್ನು ಕಚ್ಚಿಕೊಂಡಂತೆ ಕಾಣಬೇಕು. ಹಾಗೆ ಕಾಣದಿದ್ದರೆ ಅದು ಜಾರುತ್ತದೆ, ಕತ್ತರಿಸಿ ಮತ್ತೆ ಕಟ್ಟಿ. ಅಲುಗಾಡುವ ದೋಣಿಯಲ್ಲಿ ಈ ಗಂಟು ಬರದಿದ್ದರೆ ಡಬಲ್ ಯೂನಿ ಎಂಬ ಸುಲಭದ ಗಂಟು ಸಾಕು.

ಎರೆ ಹಾಕುವುದಾದರೆ ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ), ಅದೂ ಮೊನೆ ಪಕ್ಕಕ್ಕೆ ತಿರುಚಿಲ್ಲದ್ದು. ಮೀನು ನುಂಗಿ ತಿರುಗಿ ಹೊರಟಾಗ ಇದು ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ಒಂದೇ ಷರತ್ತು, ರಾಡನ್ನು ಝಾಡಿಸಿ ಎಳೆಯಬಾರದು. ಲೈನ್ ಬಿಗಿಯಾಗಲು ಬಿಟ್ಟು ಸುಮ್ಮನೆ ಸುತ್ತುತ್ತಾ ಹೋಗಿ. ಸರ್ಕಲ್ ಗಾಳ ಕೆಲಸ ಮಾಡುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಝಾಡಿಸುವ ಅಭ್ಯಾಸ ಬಿಡದವರು. ಕೃತಕ ಮೀನುಗಳಿಗೆ ಕಾರ್ಖಾನೆಯಿಂದ ಬರುವ ಮೂರು ಮೊನೆಯ ಗಾಳಗಳನ್ನು ತೆಗೆದು ಒಂಟಿ ಗಾಳ ಹಾಕಿ, ಮೊನೆಯ ಒಳಬದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಇದು ಮೀನಿನ ಮೇಲಿನ ದಯೆಗಿಂತ ನಿಮ್ಮ ಮೇಲಿನ ದಯೆ. ಹತ್ತು ಕಿಲೋ ಮೀನು ತೊಡೆಯ ಮೇಲೆ ಒದ್ದಾಡುವಾಗ ಒಂದು ಮೊನೆ ಅದರ ಬಾಯಲ್ಲಿ, ಇನ್ನೊಂದು ನಿಮ್ಮ ಅಂಗೈಯಲ್ಲಿ ಇದ್ದರೆ ಹೇಗಿರುತ್ತದೆ ಎಂದು ಯೋಚಿಸಿ. ಸ್ಟೇನ್‌ಲೆಸ್ ಗಾಳ ಬೇಡ, ಮೀನಿನೊಳಗೆ ಉಳಿದುಹೋದರೆ ಬೇಗ ತುಕ್ಕು ಹಿಡಿಯುವುದಿಲ್ಲ.

ಡ್ರ್ಯಾಗ್ ಅಳತೆ

ಡ್ರ್ಯಾಗ್ ಅಂದರೆ ಮೀನು ಎಳೆದಾಗ ಲೈನ್ ಎಷ್ಟು ಬಿಗಿಯಲ್ಲಿ ಹೊರಹೋಗಬೇಕೆಂದು ತಿರುಪಿನಿಂದ ಹೊಂದಿಸುವ ರೀಲಿನ ಬ್ರೇಕು. ಹೆಚ್ಚಿನವರು ಕೈಯಲ್ಲಿ ಲೈನ್ ಎಳೆದು ನೋಡಿ "ಸಾಕು" ಎನ್ನುತ್ತಾರೆ. ಅಂದಾಜು ತಪ್ಪಿದರೆ ದಡದಲ್ಲಿ ಲೈನ್ ತುಂಡಾಗುತ್ತದೆ, ಕಯಾಕ್‌ನಲ್ಲಿ ನೀವೇ ನೀರಿಗೆ ಬೀಳುತ್ತೀರಿ. ಐದು ನಿಮಿಷದ ಕೆಲಸ ಇದು, ಮನೆಯಲ್ಲೇ ಮಾಡಿ. ಲೈನಿನ ತುದಿಗೆ ಕುಣಿಕೆ ಕಟ್ಟಿ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಹಾಕಿ, ತಕ್ಕಡಿಯನ್ನು ಇನ್ನೊಬ್ಬರು ನೆಲದ ಹತ್ತಿರ ಹಿಡಿದಿರಲಿ. ನೀವು ರಾಡನ್ನು ಮೀನಿದ್ದಾಗ ಹಿಡಿಯುವ ಹಾಗೆಯೇ 45 ಡಿಗ್ರಿಗೆ ಎತ್ತಿ ನಿಧಾನವಾಗಿ ಬಗ್ಗಿಸಿ. ರೀಲ್ ಲೈನ್ ಬಿಡಲು ಶುರು ಮಾಡಿದ ಗಳಿಗೆಯಲ್ಲಿ ತಕ್ಕಡಿಯ ಮುಳ್ಳು ಎಲ್ಲಿದೆ ನೋಡಿ. ರಾಡ್ ನೇರ ಚಾಚಿ ಅಳೆದರೆ ಸಂಖ್ಯೆ ಕಮ್ಮಿ ಬರುತ್ತದೆ, ಬಗ್ಗಿದ ರಾಡಿನ ಉಂಗುರಗಳ ಉಜ್ಜುವಿಕೆ ಅದರಲ್ಲಿ ಸೇರಿರುವುದಿಲ್ಲ.

ಸಾಮಾನ್ಯ ಸೂತ್ರ ಲೈನಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗ. 18 ಕಿಲೋ ಲೈನಿಗೆ ಅದು 4.5ರಿಂದ 6 ಕಿಲೋ. ಕಯಾಕ್‌ನಲ್ಲಿ 3ರಿಂದ 4 ಕಿಲೋದಲ್ಲಿ ಶುರು ಮಾಡಿ. ಅಷ್ಟಕ್ಕೆ ತಿರುಪನ್ನು ಬಿಗಿದು, ಆ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟುಬಿಡಿ.

ಇದರಲ್ಲಿ ಒಂದು ಮರ್ಮವಿದೆ, ಅನುಭವಿಗಳೂ ಎಡವುವುದು ಇಲ್ಲೇ. ಮೀನು ಓಡಿದಷ್ಟೂ ಸ್ಪೂಲಿನ ಮೇಲಿನ ಲೈನ್ ಕಡಿಮೆಯಾಗಿ ಸುರುಳಿ ಸಣ್ಣದಾಗುತ್ತದೆ. ಸುರುಳಿಯ ವ್ಯಾಸ ಅರ್ಧಕ್ಕಿಳಿದರೆ, ತಿರುಪು ಮುಟ್ಟದಿದ್ದರೂ, ಲೈನಿನ ಮೇಲಿನ ಬಿಗಿ ಎರಡರಷ್ಟಾಗುತ್ತದೆ. ಜೊತೆಗೆ ನೀರಿನಲ್ಲಿ ಬಾಗಿ ಎಳೆಯುತ್ತಿರುವ ನೂರು ಮೀಟರ್ ಲೈನಿನ ಭಾರ ಬೇರೆ. ಮೀನು ದೂರ ಹೋಗುತ್ತಿದೆ ಎಂಬ ಗಾಬರಿಯಲ್ಲಿ ಡ್ರ್ಯಾಗ್ ಬಿಗಿದವರ ಲೈನ್ ತುಂಡಾಗುವುದು ಇದರಿಂದಲೇ. ದೂರ ಓಡಿದಾಗ ಅರ್ಧ ಸುತ್ತು ಸಡಿಲಿಸಿ, ದೋಣಿ ಅದರ ಹಿಂದೆ ಹೋಗಲಿ.

ಮೀನು ಹುಡುಕುವಾಗ

ಹುಟ್ಟು ಹಾಕುತ್ತಲೇ ಎಳೆಯುವ ಟ್ರೋಲಿಂಗ್ ಕಯಾಕಿಗೆ ಹೇಳಿ ಮಾಡಿಸಿದ್ದು. ಗಂಟೆಗೆ 3ರಿಂದ 5 ಕಿ.ಮೀ. ವೇಗದಲ್ಲಿ, ಕೃತಕ ಮೀನನ್ನು 25-30 ಮೀಟರ್ ಹಿಂದೆ ಬಿಟ್ಟು, ಬಂಡೆಯ ಅಂಚು, ಆಳ ಥಟ್ಟನೆ ಬದಲಾಗುವ ಗೆರೆ, ಎರಡು ಬಣ್ಣದ ನೀರು ಕೂಡುವ ಜಾಗ ಇವುಗಳ ಉದ್ದಕ್ಕೂ ಸಾಗಿ. ರಾಡನ್ನು ಕಣ್ಣಿಗೆ ಕಾಣುವಂತೆ ಮುಂದಿನ ಹೋಲ್ಡರ್‌ನಲ್ಲಿಡಿ. ಜೀವಂತ ಎರೆಯಾದರೆ ಇನ್ನೂ ನಿಧಾನ. ಒಬ್ಬರಿಗೆ ಎರಡು ರಾಡ್ ಸಾಕು, ಎರಡಕ್ಕೂ ಒಟ್ಟಿಗೆ ಮೀನು ಬಿದ್ದರೆ ಒಂದೂ ಕೈಗೆ ಬರುವುದಿಲ್ಲ.

ಲಂಗರು ಹಾಕುವುದಾದರೆ ಒಂದೂವರೆ ಕಿಲೋದ ಮಡಚುವ ಲಂಗರು, ಆಳದ ಐದರಿಂದ ಏಳರಷ್ಟು ಹಗ್ಗ. ಹಗ್ಗ ದೋಣಿಯ ಮೂತಿಯಿಂದ ಇಲ್ಲವೇ ಹಿಂಬದಿಯ ತುದಿಯಿಂದ ಇಳಿಯಬೇಕು, ನಡುವಿನ ಪಕ್ಕದಿಂದ ಯಾವತ್ತೂ ಅಲ್ಲ. ಹರಿವು ಜೋರಾದರೆ ಪಕ್ಕದ ಲಂಗರು ದೋಣಿಯ ಅಂಚನ್ನು ನೀರೊಳಗೆ ಎಳೆದುಬಿಡುತ್ತದೆ. ಹಗ್ಗದ ಮೇಲ್ತುದಿಗೆ ಒಂದು ತೇಲುಬುರುಡೆ, ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ. ಮೀನು ಬಿದ್ದ ಕೂಡಲೇ ಬಿಚ್ಚಿ ಬಿಡಿ, ತೇಲುಬುರುಡೆಯನ್ನು ಆಮೇಲೆ ಬಂದು ಹೆಕ್ಕಿಕೊಳ್ಳಬಹುದು. ಲಂಗರು ಕಟ್ಟಿಕೊಂಡೇ ದೊಡ್ಡ ಮೀನಿನ ಜೊತೆ ಜಗ್ಗಾಡುವುದು ಮಗುಚಲು ಇರುವ ಅತಿ ಸುಲಭ ದಾರಿ.

ಮೀನು ಬಿದ್ದ ಮೇಲೆ

ಮೊದಲ ಕೆಲಸ ಇನ್ನೊಂದು ರಾಡಿನ ಲೈನ್ ಒಳಗೆ ತರುವುದು ಅಥವಾ ಪಕ್ಕಕ್ಕಿಡುವುದು. ಎರಡನೆಯದು ಹುಟ್ಟನ್ನು ತೊಡೆಯ ಮೇಲಿಂದ ತೆಗೆದು ಅದರ ಕ್ಲಿಪ್ಪಿಗೆ ಹಾಕುವುದು. ಆಮೇಲೆ ರಾಡನ್ನು ಮೂತಿಯ ಕಡೆಗೆ ತಿರುಗಿಸಿ. ಗಡಿಯಾರದ ಮುಖದಲ್ಲಿ ಮೂತಿ 12 ಎಂದುಕೊಂಡರೆ ರಾಡ್ 10ರಿಂದ 2ರ ನಡುವೆ ಇರಬೇಕು. ದೋಣಿ ತಾನೇ ಮೀನಿನತ್ತ ತಿರುಗಿ, ಮೀನು ಅದನ್ನು ಎಳೆದುಕೊಂಡು ಹೊರಡುತ್ತದೆ. ಆಗ ದೋಣಿಯೇ ಎರಡನೇ ಡ್ರ್ಯಾಗ್. ಕಾಲುಗಳನ್ನು ಎರಡೂ ಬದಿಗೆ ನೀರಿಗಿಳಿಸಿದರೆ ಸ್ಥಿರತೆಯೂ ಬರುತ್ತದೆ, ಮೀನಿಗೆ ಎಳೆತವೂ ಹೆಚ್ಚುತ್ತದೆ. ಶಾರ್ಕ್ ಅಥವಾ ಮೊಸಳೆ ಇರುವ ನೀರಿನಲ್ಲಿ ಇದು ಬೇಡ.

ಒಂದು ನಿಯಮ ಮೈಗೂಡಿರಲಿ: ಎಂಥ ಮೀನೇ ಇರಲಿ, ನಿಮ್ಮ ತಲೆ ದೋಣಿಯ ಅಂಚನ್ನು ದಾಟಬಾರದು. ಸೊಂಟ ಬಾಗಿದರೂ ತಲೆ ನಡುವಿನ ಗೆರೆಯ ಮೇಲೆ ಇದ್ದರೆ ದೋಣಿ ತಾಳಿಕೊಳ್ಳುತ್ತದೆ.

ಮೀನು ದೋಣಿಯ ಅಡಿಗೆ ನುಗ್ಗಿದರೆ ತಡೆಯಲು ಹೋಗಬೇಡಿ. ರಾಡಿನ ತುದಿಯನ್ನು ನೀರೊಳಗೆ ಅದ್ದಿ, ಮೂತಿಯ ಸುತ್ತ ಆಚೆಗೆ ದಾಟಿಸಿ. ಬ್ರೇಡ್ ದೋಣಿಯ ತಳಕ್ಕೋ ಚುಕ್ಕಾಣಿಗೋ ಒಮ್ಮೆ ಉಜ್ಜಿದರೆ ಮುಗಿಯಿತು. ಮೀನು ನೇರ ಕೆಳಗಿರುವಾಗ ರಾಡನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿದರೆ ತುದಿ ಮುರಿಯುತ್ತದೆ, 60 ಡಿಗ್ರಿ ದಾಟಿಸಬೇಡಿ. ಒಂದು ಗೇಣು ಎತ್ತಿ, ಆ ಒಂದು ಗೇಣು ಸುತ್ತಿಕೊಳ್ಳಿ. ಉದ್ದುದ್ದ ಎಳೆತಕ್ಕಿಂತ ಇದು ಬೇಗ ಮುಗಿಯುತ್ತದೆ.

ಪಕ್ಕಕ್ಕೆ ತರುವಾಗ ರಾಡ್ ಒಂದು ಕೈಯಲ್ಲಿ, ಬಲೆ ಇನ್ನೊಂದರಲ್ಲಿ. ಗಂಟುಗಳ ನೂಲಿನ ಬಲೆ ಮೀನಿನ ಮೈಲೋಳೆಯನ್ನು ಕೆರೆದು ರೆಕ್ಕೆ ಹರಿಯುತ್ತದೆ, ರಬ್ಬರ್ ಬಲೆ ತನ್ನಿ. ಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿಟ್ಟು, ತಲೆ ಮುಂದಾಗಿ ಮೀನನ್ನು ಅದರ ಮೇಲಕ್ಕೆ ತನ್ನಿ. ಬಲೆ ಹಿಡಿದು ಬಾಲದ ಹಿಂದೆ ಅಟ್ಟಿಸಿಕೊಂಡು ಹೋಗುವವರ ಮೀನೇ ಹೆಚ್ಚು ತಪ್ಪಿಸಿಕೊಳ್ಳುವುದು. ಮೀನು ಬಲೆಯೊಳಗೆ ಬಂದ ಕೂಡಲೇ ಡ್ರ್ಯಾಗ್ ಸಡಿಲಿಸಿ, ರಾಡನ್ನು ಹೋಲ್ಡರ್‌ಗೆ ಹಾಕಿ, ಬಲೆಯನ್ನು ನೀರಲ್ಲೇ ಬಿಟ್ಟು ಅರ್ಧ ನಿಮಿಷ ಉಸಿರು ತೆಗೆದುಕೊಳ್ಳಿ. ಮೀನಿಗೂ ಅದು ಬೇಕು. ಗ್ಯಾಫ್ ಹಾಕುವುದು ಕೊಲ್ಲುವ ತೀರ್ಮಾನವಾಗಿದ್ದರೆ, ಅಳತೆ ಖಾತ್ರಿಯಿದ್ದರೆ ಮಾತ್ರ. ಗ್ಯಾಫ್ ಹಾಕಿದ ಮೀನನ್ನು "ಮಿತಿ ಮೀರಿದೆ, ಬಿಡೋಣ" ಎಂದರೆ ಅದು ಹೆಣ ಬಿಟ್ಟಂತೆಯೇ.

ಇಟ್ಟುಕೊಳ್ಳುವುದಾದರೆ

ಒದ್ದಾಡಿ ಒದ್ದಾಡಿ ಸಾಯಲು ಬಿಡುವುದು ಕ್ರೌರ್ಯ, ಮಾಂಸವೂ ಕೆಡುತ್ತದೆ. ಮೀನನ್ನು ತೊಡೆಗಳ ನಡುವೆ ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಕಣ್ಣು ಮುಚ್ಚಿ, ತಕ್ಷಣ ಸ್ವಲ್ಪ ಸುಮ್ಮನಾಗುತ್ತದೆ. ಕಣ್ಣಿನ ತುಸು ಹಿಂದೆ, ತುಸು ಮೇಲೆ ಮಿದುಳಿದೆ. ಚೂಪಾದ ಉಕ್ಕಿನ ಕಡ್ಡಿಯನ್ನು ಅಲ್ಲಿಗೆ ಒಂದೇ ಸಲಕ್ಕೆ ಒತ್ತಿ. ಸರಿಯಾದ ಜಾಗಕ್ಕೆ ತಾಗಿದರೆ ಮೈಯೆಲ್ಲ ಒಮ್ಮೆ ನಡುಗಿ ಸೆಟೆಯುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ರೆಕ್ಕೆಗಳು ಬಿಡಿಸಿಕೊಳ್ಳುತ್ತವೆ, ಆಮೇಲೆ ಎಲ್ಲ ಸಡಿಲ. ಇದು ಕಾಣದಿದ್ದರೆ ತಾಗಿಲ್ಲ, ಕಡ್ಡಿಯನ್ನು ಹೊರತೆಗೆಯದೆ ಕೋನ ಬದಲಿಸಿ. ಕೂಡಲೇ ಎರಡೂ ಬದಿಯ ಕಿವಿರುಗಳ ಬುಡ ಕತ್ತರಿಸಿ ರಕ್ತ ಬಸಿಯಿರಿ. ಶಾರ್ಕ್ ಇರುವ ಕಡೆ ಇದನ್ನು ಬಕೆಟ್ಟಿನಲ್ಲಿ ಮಾಡಿ, ಮೀನನ್ನು ಹಗ್ಗಕ್ಕೆ ಪೋಣಿಸಿ ದೋಣಿಯ ಪಕ್ಕ ತೇಲಿಬಿಡಬೇಡಿ.

ನಂತರ ಎರಡು ಪಾಲು ಐಸ್, ಒಂದು ಪಾಲು ಸಮುದ್ರದ ನೀರು ಬೆರೆಸಿದ ಚೀಲದೊಳಗೆ. ಬರೀ ಐಸ್ ಗಡ್ಡೆಗಳಿಗಿಂತ ಈ ಕಲಸು ಮೀನನ್ನು ಎಲ್ಲ ಕಡೆಯಿಂದ ಮುಟ್ಟುವುದರಿಂದ ಎಷ್ಟೋ ಬೇಗ ತಣ್ಣಗಾಗಿಸುತ್ತದೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂದು ಲೆಕ್ಕ ಹಿಡಿಯಿರಿ. ಟ್ಯೂನಾ, ಬಂಗುಡೆ, ಮಾಹಿ-ಮಾಹಿಗಳ ವಿಷಯದಲ್ಲಿ ಇದು ರುಚಿಯ ಮಾತಲ್ಲ. ಈ ಮೀನುಗಳು ಬೆಚ್ಚಗೆ ಉಳಿದರೆ ಮಾಂಸದಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ್ದು ಬೇಯಿಸಿದರೆ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ತಲೆನೋವು, ಹೊಟ್ಟೆನೋವು ಬರುತ್ತದೆ. ಐಸ್ ಇಲ್ಲದೆ ಹೋದ ದಿನ ಮೀನು ಇಟ್ಟುಕೊಳ್ಳುವ ದಿನವೇ ಅಲ್ಲ.

ಬಿಡುವುದಾದರೆ

1992ರಲ್ಲಿ ರೇನ್‌ಬೋ ಟ್ರೌಟ್ ಮೀನುಗಳ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ದಣಿಯುವಷ್ಟು ಓಡಿಸಿ ನೀರಲ್ಲೇ ಉಳಿಸಿಕೊಂಡ ಮೀನುಗಳಲ್ಲಿ ಸತ್ತದ್ದು 12 ಶೇಕಡಾ. ದಣಿದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಹಿಡಿದವುಗಳಲ್ಲಿ 38 ಶೇಕಡಾ. ಒಂದು ನಿಮಿಷ ಹಿಡಿದವುಗಳಲ್ಲಿ 72 ಶೇಕಡಾ. ಬೇರೆ ಜಾತಿಗಳಲ್ಲಿ ಸಂಖ್ಯೆ ಬೇರೆ ಇರಬಹುದು, ಆದರೆ ಫೋಟೋಗೆ ಎಷ್ಟು ಹೊತ್ತು ಕೊಡಬಹುದು ಎನ್ನುವುದಕ್ಕೆ ಇಷ್ಟು ಸಾಕು. ಕ್ಯಾಮೆರಾ ಮೊದಲೇ ಕೋಲಿಗೆ ಸಿಕ್ಕಿಸಿ, ಸ್ವಯಂಚಾಲಿತ ಮಾಡಿ, ಆಮೇಲೆ ಮೀನನ್ನು ಎತ್ತಿ. ಒಂದು ಉಸಿರು ಕಟ್ಟಿ, ಅದು ಬಿಡುವಷ್ಟರಲ್ಲಿ ಮೀನು ವಾಪಸ್ ನೀರಲ್ಲಿರಲಿ. ನೀರು ಬಿಸಿಯಿದ್ದಾಗ ಇನ್ನೂ ಅವಸರ ಬೇಕು: 10 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯದು ಏಳೂವರೆ.

ದೊಡ್ಡ ಮೀನನ್ನು ದವಡೆಯಿಂದ ಹಿಡಿದು ನೇತಾಡಿಸಬೇಡಿ. ನೀರು ಹೊತ್ತುಕೊಂಡಿದ್ದ ಭಾರವೆಲ್ಲ ಒಮ್ಮೆಗೇ ಬೆನ್ನೆಲುಬಿನ ಕೀಲುಗಳ ಮೇಲೆ, ಕರುಳಿನ ಮೇಲೆ ಬೀಳುತ್ತದೆ. ಒದ್ದೆ ಕೈಯಲ್ಲಿ, ಒಂದು ಕೈ ದವಡೆಗೆ, ಇನ್ನೊಂದು ಹೊಟ್ಟೆಯಡಿ, ಅಡ್ಡಕ್ಕೆ. ತೂಕ ಬೇಕೇಬೇಕು ಎನ್ನುವವರಿಗೆ ತಕ್ಕಡಿಗಿಂತ ಟೇಪ್ ವಾಸಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿ. ಸೆಂ.ಮೀ. ಅಳತೆಗೆ ಕಿಲೋ ಬರುತ್ತದೆ. 100 ಸೆಂ.ಮೀ. ಉದ್ದ, 55 ಸುತ್ತಳತೆಯ ಮೀನು ಸುಮಾರು ಹತ್ತೂವರೆ ಕಿಲೋ. ತೀರಾ ಉದ್ದ ಮೈಯ, ತೀರಾ ಚಪ್ಪಟೆ ಮೈಯ ಜಾತಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಇಷ್ಟು ಅಳತೆ, ಎರಡು ಒಳ್ಳೆಯ ಫೋಟೋ ಇದ್ದರೆ ಗೋಡೆಗೆ ಹಾಕುವ ಫೈಬರ್‌ಗ್ಲಾಸ್ ಪ್ರತಿಕೃತಿಯನ್ನೂ ಮಾಡಿಸಬಹುದು. ದಾಖಲೆಯ ಆಸೆಯಿದ್ದರೂ ಕೊಲ್ಲಬೇಕಿಲ್ಲ. ಮೀನು ಬೇಟೆಯ ವಿಶ್ವದಾಖಲೆಗಳನ್ನು ಇಡುವ ಐಜಿಎಫ್‌ಎ ಸಂಸ್ಥೆ ತೂಕದ ದಾಖಲೆಗೆ ಮೀನನ್ನು ನೆಲದ ಮೇಲೆ ತೂಗಲೇಬೇಕು ಎನ್ನುತ್ತದೆ, ಆದರೆ ಉದ್ದದ ದಾಖಲೆ ಬೇರೆಯೇ ಇದೆ, ಅದಕ್ಕೆ ಮೀನನ್ನು ಜೀವಂತ ಬಿಡುವುದೇ ನಿಯಮ.

ಗಾಳ ಗಂಟಲಿನ ಆಳಕ್ಕೆ ಹೋಗಿದ್ದರೆ ಅಗೆಯಬೇಡಿ, ಲೈನನ್ನು ಗಾಳದ ಬುಡದಲ್ಲೇ ಕತ್ತರಿಸಿ ಬಿಡಿ. ಕೀಳಲು ಹೋದ ಮೀನಿಗಿಂತ ಇದು ಬದುಕುವ ಸಾಧ್ಯತೆ ಹೆಚ್ಚು. ದಣಿದ ಮೀನನ್ನು ಹಿಂದೆ ಮುಂದೆ ಜಾಡಿಸುವ ಅಭ್ಯಾಸ ಎಲ್ಲೆಡೆ ಇದೆ, ಅದು ತಪ್ಪು. ನೀರು ಬಾಯಿಯಿಂದ ಹೊಕ್ಕು ಕಿವಿರಿನಿಂದ ಹೊರಡಬೇಕು, ಹಿಂದಕ್ಕೆ ಎಳೆದರೆ ಉಲ್ಟಾ ಆಗುತ್ತದೆ. ಕಯಾಕ್‌ನಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ: ಮೀನಿನ ತುಟಿ ಹಿಡಿದು ದೋಣಿಯ ಪಕ್ಕ ನೆಟ್ಟಗೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅಥವಾ ಪೆಡಲ್ ಇದ್ದರೆ ಕಾಲಲ್ಲಿ ನಿಧಾನ ಮುಂದೆ ಸಾಗಿ. ಬಾಲ ಬಲವಾಗಿ ಬಡಿದಾಗ ಬಿಡಿ. ಟ್ಯೂನಾ ಜಾತಿಯವಕ್ಕೆ ಈ ಉಪಚಾರ ಒಗ್ಗುವುದಿಲ್ಲ. ಅವು ಈಜುತ್ತಿದ್ದರೆ ಮಾತ್ರ ಉಸಿರಾಡುತ್ತವೆ, ತಲೆ ಕೆಳಗಾಗಿ ಈಟಿಯಂತೆ ನೀರಿಗೆ ಬಿಡಿ.

ಆಳದಿಂದ ತಂದವುಗಳ ಕತೆ ಬೇರೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು, ಅಲ್ಲಿಂದ ಮೇಲೆ ಬಂದ ಮೀನಿನ ಗಾಳಿಚೀಲ ಎರಡರಷ್ಟು ಉಬ್ಬುತ್ತದೆ. 30 ಮೀಟರಿನಿಂದ ಬಂದದ್ದರದು ನಾಲ್ಕರಷ್ಟು. ಕಣ್ಣು ಹೊರಚಾಚಿ, ಬಾಯಿಂದ ಕೆಂಪು ಚೀಲದಂಥದ್ದು ಬಂದಿರುತ್ತದೆ. ಅದು ಗಾಳಿಚೀಲ ಅಲ್ಲ, ಹೊರಗೆ ತಳ್ಳಿಬಂದ ಜಠರ. ಚುಚ್ಚಬೇಡಿ. ಕೆಳದವಡೆಗೆ ಸಿಕ್ಕಿಸಿ, ಒಂದೆರಡು ಕಿಲೋ ಭಾರದ ಜೊತೆ ಮೀನನ್ನು ಆಳಕ್ಕೆ ಇಳಿಸಿ ಬಿಡುವ ಸಾಧನ ಸಿಗುತ್ತದೆ. ಇಳಿದಂತೆ ಒತ್ತಡವೇ ಗಾಳಿಯನ್ನು ಮತ್ತೆ ಕುಗ್ಗಿಸುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಆಳದ ಬಂಡೆಯ ಮೇಲೆ "ಹಿಡಿದು ಬಿಡುವ" ಆಟ ಆಡಬಾರದು. ಇಟ್ಟುಕೊಳ್ಳುವಷ್ಟು ಸಿಕ್ಕಿದ ಮೇಲೆ ಆ ಜಾಗ ಬಿಟ್ಟು ಆಳ ಕಮ್ಮಿಯಿರುವ ಕಡೆ ಹೋಗಿ.

ಕಿವಿರು ಹರಿದು ರಕ್ತ ಸುರಿಯುತ್ತಿರುವ ದೊಡ್ಡ ಮೀನಾದರೆ? ಕಾಯ್ದೆ ಒಪ್ಪಿದರೆ ಇಟ್ಟುಕೊಳ್ಳಿ, ನಿಮ್ಮ ಸ್ವಂತ ಮಿತಿ ಮೀರಿದ್ದರೂ ಸರಿ, ಅಲ್ಲಿಗೆ ಆ ದಿನದ ಬೇಟೆ ನಿಲ್ಲಿಸಿ. ಕಾಯ್ದೆ ಒಪ್ಪದಿದ್ದರೆ ಸತ್ತೇ ಹೋಗುತ್ತದೆ ಎಂದು ಗೊತ್ತಿದ್ದರೂ ಬಿಡಬೇಕು.

ದಡಕ್ಕೆ

ಅಲೆ ಒಡೆಯುವ ದಡವಾದರೆ ಹೊರಗೇ ನಿಂತು ರಾಡುಗಳನ್ನು ಒಳಗೆ ಹಾಕಿ ಮುಚ್ಚಿ, ಗಾಳಗಳನ್ನೆಲ್ಲ ಬಿಚ್ಚಿ. ಮೀನಿನ ಚೀಲ ಸೀಟಿನ ಹಿಂದೆ, ನಡುವಿಗೆ ಹತ್ತಿರ ಇರಲಿ. ಮೂತಿಯಲ್ಲಿ ಭಾರವಿದ್ದರೆ ಅಲೆಯ ಮುಂದೆ ಮೂತಿ ಹೂತು ದೋಣಿ ಅಡ್ಡ ತಿರುಗುತ್ತದೆ. ದೊಡ್ಡ ಅಲೆಗಳ ಗುಂಪು ಹೋದ ಮೇಲಿನ ಬಿಡುವಿನಲ್ಲಿ, ಕೊನೆಯ ಅಲೆಯ ಬೆನ್ನಿಗೆ ಅಂಟಿಕೊಂಡು ಬನ್ನಿ. ಬಿದ್ದರೆ ದೋಣಿಯ ಸಮುದ್ರದ ಕಡೆಗೇ ಇರಿ. ದೋಣಿಗೂ ದಡಕ್ಕೂ ನಡುವೆ ಸಿಕ್ಕಿದವರ ಮೇಲೆ ಅಲೆ ತಳ್ಳಿದ ನಲವತ್ತು ಕಿಲೋ ಪ್ಲಾಸ್ಟಿಕ್ ಬಂದು ಬಡಿಯುತ್ತದೆ.

ಇಟ್ಟುಕೊಂಡ ಮೀನಿನ ಹೊಟ್ಟೆ ಸೀಳಿದಾಗ ಎಸೆಯುವ ಮುಂಚೆ ಎರಡು ನೋಡಿ. ಜಠರದಲ್ಲಿ ಏನಿದೆ, ಎಷ್ಟು ಉದ್ದದ್ದು ಎಂಬುದು ಮುಂದಿನ ಸಲದ ಎರೆಯ ಅಳತೆ ಹೇಳುತ್ತದೆ. ಬೆನ್ನೆಲುಬಿನ ಅಡಿಯಲ್ಲಿ ಉದ್ದಕ್ಕೂ ಮೊಟ್ಟೆಯ ಎರಡು ಚೀಲಗಳು ತುಂಬಿಕೊಂಡಿದ್ದರೆ ತಾರೀಖು, ಜಾಗ, ನೀರಿನ ಉಷ್ಣತೆ ಬರೆದಿಡಿ. ಬರುವ ವರ್ಷ ಆ ವಾರಗಳಲ್ಲಿ ಆ ಜಾಗಕ್ಕೆ ಗಾಳ ಹಾಕಬೇಡಿ.